ಪ್ರಾಗ್, ಡಬ್ಲಿನ್, ಮ್ಯೂನಿಕ್, ಹನೋಯ್: ಗ್ಯಾಂಗ್ ಕಟ್ಕೊಂಡು ಬಿಯರ್ ಟ್ರಿಪ್ ಹೊರಟ್ರೆ ಯಾವ ಊರು ಹಿಡೀಬೇಕು?

ನಮ್ಮ ಕಡೆ ಫಾರಿನ್ ಟೂರ್ ಮಾತು ಶುರುವಾಗೋದು ಯಾವಾಗ್ಲೂ ಮಳೆಗಾಲದಲ್ಲೇ. ಜುಲೈನಲ್ಲಿ ಕರೆಂಟ್ ಹೋಗಿ ಮೂರು ದಿನ ಆಗಿರತ್ತೆ, ತೋಟಕ್ಕೆ ಇಳಿಯೋಕಾಗಲ್ಲ, ಒಲೆ ಹತ್ರ ಕೂತ್ಕೊಂಡು ಒಬ್ಬ ಪ್ರಾಗ್ ಅಂತಾನೆ, ಇನ್ನೊಬ್ಬ ಮ್ಯೂನಿಕ್ಕಿನ ಬಿಯರ್ ಹಬ್ಬ ಅಕ್ಟೋಬರ್‌ಫೆಸ್ಟ್ ಅಂತಾನೆ, ಮತ್ತೊಬ್ಬ ವಿಯೆಟ್ನಾಂ ಚೀಪ್ ಮಾರಾಯ ಅಂತಾನೆ, ಮಳೆ ನಿಲ್ಲೋ ಹೊತ್ತಿಗೆ ಗ್ರೂಪಲ್ಲಿ ಇನ್ನೂರು ಮೆಸೇಜ್ ಆಗಿರತ್ತೆ, ಟಿಕೆಟ್ ಮಾತ್ರ ಒಂದೂ ಆಗಿರಲ್ಲ. ನಾವು ಏಳು ಜನ, ಸ್ಕೂಲಿಂದ ಒಟ್ಟಿಗೆ ಇರೋರು, ಕೊಡಗಿನ ಸುಂಟಿಕೊಪ್ಪ, ಕುಶಾಲನಗರ, ಸೋಮವಾರಪೇಟೆ ಸುತ್ತಮುತ್ತದವರು. ಬೇರೆ ಬೇರೆ ವರ್ಷ ಸೇರಿ ಈ ನಾಲ್ಕೂ ಊರು ನೋಡಿ ಬಂದಿದ್ದೀವಿ. ಈಗ ಯಾರಾದ್ರೂ ಎಲ್ಲಿಗೆ ಹೋಗೋದು ಅಂತ ಕೇಳಿದ್ರೆ ಒಂದೇ ಮಾತಲ್ಲಿ ಉತ್ತರ ಕೊಡೋಕಾಗಲ್ಲ, ಅದಕ್ಕೇ ಪೂರ್ತಿ ಬರೀತಿದ್ದೀನಿ.

ಮೊದಲು ನಾನು ಯಾವ ಅಳತೆಗೋಲಲ್ಲಿ ಅಳೀತೀನಿ ಅಂತ ಹೇಳ್ಬಿಡ್ತೀನಿ. ಬಿಯರ್ ರುಚಿ ನಾಲ್ಕೂ ಕಡೆ ಚೆನ್ನಾಗಿರತ್ತೆ, ಅದರ ಮೇಲೆ ತೀರ್ಮಾನ ಮಾಡ್ಬೇಡಿ. ನಾನು ನೋಡೋದು ಎರಡು. ರಾತ್ರಿ ಕೊನೇ ಪಬ್ಬಿಂದ ರೂಮಿಗೆ ನಡ್ಕೊಂಡು ಹೋಗೋಕಾಗತ್ತಾ? ಮತ್ತೆ ಗುಂಪಲ್ಲಿ ಕುಡಿಯದೇ ಇರೋನಿಗೆ ಆ ಊರಲ್ಲಿ ದಿನ ತುಂಬತ್ತಾ? ನಡಿಗೆ ವಿಷಯ ಯಾಕೆ ಇಷ್ಟು ಹಿಡ್ಕೊಂಡಿದ್ದೀನಿ ಅಂದ್ರೆ, ಕೆಲವು ವರ್ಷದ ಹಿಂದೆ ನಮ್ಮಲ್ಲೊಬ್ಬ ಮದುವೆ ಮನೆ ಮುಗಿಸಿ ರಾತ್ರಿ ವಾಪಸ್ ಬರುವಾಗ ತಿರುವಲ್ಲಿ ಜೀಪ್ ಸಮೇತ ಬರೆಗೆ ಇಳಿದ, ಕಾಲು ಮುರೀತು, ಜೀವ ಉಳೀತು. ಆ ರಾತ್ರಿ ಆಸ್ಪತ್ರೆ ಬೆಂಚ್ ಮೇಲೆ ಕೂತೋರಿಗೆಲ್ಲ ಅದು ಈಗಲೂ ನೆನಪಿದೆ. ಕುಡಿದ್ಮೇಲೆ ಸ್ಟೇರಿಂಗ್ ಮುಟ್ಟೋ ಮಾತೇ ಇಲ್ಲದಿರೋ ಊರು ಅಂದ್ರೆ ನನಗೆ ಆ ಕಾರಣಕ್ಕೇ ಇಷ್ಟ. ಎರಡನೇದು, ನಮ್ಮ ಶನಿವಾರಸಂತೆ ಗೆಳೆಯ ಕುಡಿಯಲ್ಲ, ಸಸ್ಯಾಹಾರಿ ಬೇರೆ. ಅವನಿಲ್ಲದೆ ನಾವು ಎಲ್ಲಿಗೂ ಹೋಗಿಲ್ಲ, ಹೋಗೋದೂ ಇಲ್ಲ.

ಆಮೇಲೆ ಕ್ಯಾಲೆಂಡರ್. ಬೆಂಗಳೂರಿನವರಿಗೆ ಲೀವ್ ಸಿಕ್ಕಿದ್ರೆ ಸಾಕು, ನಮಗೆ ಹಾಗಲ್ಲ. ಡಿಸೆಂಬರಿಂದ ಮಾರ್ಚ್ ತನಕ ಅರೇಬಿಕಾ, ರೋಬಸ್ಟಾ ಅಂತ ಕುಯ್ಲು, ಅದರ ಮಧ್ಯದಲ್ಲೇ ಹೂವಿಗೆ ಸ್ಪ್ರಿಂಕ್ಲರ್ ಹಾಕೋದು, ಕರಿಮೆಣಸು ಬಿಡಿಸೋದು, ಏಪ್ರಿಲ್ ಮೇ ಬಂದ್ರೆ ಮದುವೆ, ಹಾಕಿ ಹಬ್ಬ, ಮಕ್ಕಳ ರಜ. ಒಟ್ಟು ಏಳು ಜನಕ್ಕೂ ಹೊಂದೋ ಕಿಂಡಿ ಒಂದೇ, ಸೆಪ್ಟೆಂಬರ್ ಮೊದಲ ವಾರ ನಮ್ಮ ಆಯುಧ ಪೂಜೆ ಹಬ್ಬ ಕೈಲ್‌ಮುಹೂರ್ತ ಮುಗಿದ್ಮೇಲೆ ಅಕ್ಟೋಬರ್ 17ರ ಹೊತ್ತಿಗೆ ಬರೋ ತುಲಾ ಸಂಕ್ರಮಣದ ಒಳಗೆ. ಇನ್ನೊಂದು ಸಣ್ಣ ಕಿಂಡಿ ಸಂಕ್ರಮಣದಿಂದ ಸುಗ್ಗಿ ಹಬ್ಬ ಹುತ್ತರಿ ತನಕ, ಅದೂ ಅರೇಬಿಕಾ ಬೇಗ ಹಣ್ಣಾಗದಿದ್ರೆ ಮಾತ್ರ. ಯಾವ ಊರು ಅನ್ನೋದನ್ನ ಅರ್ಧ ಈ ಎರಡು ಕಿಂಡಿಗಳೇ ತೀರ್ಮಾನ ಮಾಡ್ತವೆ.

ಪ್ರಾಗಿಂದ ಶುರು ಮಾಡ್ತೀನಿ, ಯಾಕಂದ್ರೆ ಮೊದಲ ಸಲ ಹೋಗೋರಿಗೆ ನಾನು ಹೇಳೋದು ಅದನ್ನೇ. ಊರು ಸಣ್ಣದು ಅಂತಲ್ಲ, ನೋಡೋ ಜಾಗ ಎಲ್ಲಾ ಒಂದೇ ಕಡೆ ಗುಂಪಾಗಿವೆ. 1357ರಲ್ಲಿ ನಾಲ್ಕನೇ ಚಾರ್ಲ್ಸ್ ರಾಜ ಕಟ್ಟಿಸೋಕೆ ಶುರು ಮಾಡಿದ ಚಾರ್ಲ್ಸ್ ಸೇತುವೆ, ಆ ಕಡೆ ಗುಡ್ಡದ ಮೇಲೆ ಕೋಟೆ, ಈ ಕಡೆ ಹಳೇ ಪಟ್ಟಣದ ಚೌಕದಲ್ಲಿ 1410ರ ಖಗೋಳ ಗಡಿಯಾರ, ಗಂಟೆ ಹೊಡೆದಾಗೆಲ್ಲ ಮೇಲಿನ ಕಿಟಕಿ ತೆರೆದು ಗೊಂಬೆಗಳು ಸಾಲಾಗಿ ಬರ್ತವೆ. ಇವೆಲ್ಲ ನಡ್ಕೊಂಡೇ ನೋಡ್ಬಹುದು, ಮಧ್ಯ ಮಧ್ಯ ಪಬ್ ಸಿಗ್ತಾನೇ ಇರತ್ತೆ. ಪ್ರಾಗ್ ಇರೋ ಚೆಕ್ ದೇಶ ತಲಾ ಲೆಕ್ಕದಲ್ಲಿ ಜಗತ್ತಲ್ಲೇ ಜಾಸ್ತಿ ಬಿಯರ್ ಕುಡಿಯೋ ದೇಶ. ಆದ್ರೂ ಗಲಾಟೆ ಇಲ್ಲ, ಅಲ್ಲಿ ಬಿಯರ್ ಅಂದ್ರೆ ಊಟದ ಭಾಗ, ಅಜ್ಜಂದಿರು ಒಂದು ಗ್ಲಾಸ್ ಇಟ್ಕೊಂಡು ಪೇಪರ್ ಓದ್ತಾ ಕೂತಿರ್ತಾರೆ.

ಯು ಫ್ಲೆಕು ಅಂತ ಒಂದು ಜಾಗ ಉಂಟು, 1499ರಿಂದ ನಡೀತಿದೆ, ಅಲ್ಲೇ ಮಾಡೋ ಕಪ್ಪು ಲಾಗರ್ ಬಿಯರ್. ಅಲ್ಲಿ ಕೂತ್ರೆ ಕೇಳೋ ಮುಂಚೆನೇ ಗ್ಲಾಸ್ ತಂದಿಟ್ಟು ಚೀಟಿ ಮೇಲೆ ಗೀಟು ಹಾಕ್ತಾರೆ, ಆ ಗೀಟೇ ಬಿಲ್ಲು. ಟ್ರೇಯಲ್ಲಿ ಸಣ್ಣ ಗ್ಲಾಸ್ ಮದ್ಯ ತಗೊಂಡು ಬಂದು ನಗ್ತಾ ಕೊಡ್ತಾರೆ, ಅದು ಪುಕ್ಸಟ್ಟೆ ಅಲ್ಲ, ಬೇಡ ಅಂದ್ರೆ ಬೇಡ ಅಂತ ಹೇಳಿ. ಮಾಮೂಲಿ ಪಬ್ಬಲ್ಲೂ ಇದೇ ಗೀಟಿನ ಪದ್ಧತಿ. ಸಾಕು ಅನಿಸಿದಾಗ ಕೋಸ್ಟರ್ ಗ್ಲಾಸ್ ಮೇಲೆ ಮುಚ್ಚಿ, ಅರ್ಥ ಮಾಡ್ಕೊಳ್ತಾರೆ. ಅರ್ಧ ಲೀಟರ್ ಬಿಯರ್ ಗಲ್ಲಿ ಒಳಗಿನ ಪಬ್ಬಲ್ಲಿ ಸುಮಾರು 60ರಿಂದ 80 ಕೊರುನಾ, ಚೌಕದ ಹತ್ರ ನೂರು ದಾಟತ್ತೆ. ಒಂದು ಕೊರುನಾ ಹತ್ತಿರ ಹತ್ತಿರ ನಾಲ್ಕು ರೂಪಾಯಿ ಅಂತ ಇಟ್ಕೊಳ್ಳಿ. ಅಲ್ಲಿ ಯೂರೋ ಅಲ್ಲ ಅನ್ನೋದು ತುಂಬ ಜನಕ್ಕೆ ಹೋದ್ಮೇಲೇ ಗೊತ್ತಾಗೋದು, ಅಲ್ಲೇ ಮೋಸ ಹೋಗೋದು. ನಾವೂ ಹೋದ್ವಿ. ಕಮಿಷನ್ ಇಲ್ಲ ಅಂತ ದೊಡ್ಡ ಬೋರ್ಡ್ ಹಾಕಿದ್ದ ಕೌಂಟರಲ್ಲಿ ಯೂರೋ ಕೊಟ್ರೆ ರೇಟಲ್ಲೇ ಪೆಟ್ಟು ಕೊಟ್ರು, ರೂಮಿಗೆ ಬಂದು ಲೆಕ್ಕ ಹಾಕಿದಾಗ ಒಂದು ದಿನದ ಊಟದ ದುಡ್ಡು ಹೋಗಿತ್ತು. 2019ರ ಏಪ್ರಿಲಿಂದ ಅಲ್ಲಿ ಒಂದು ಕಾನೂನು ಉಂಟು, 1000 ಯೂರೋ ತನಕದ ಎಕ್ಸ್‌ಚೇಂಜನ್ನ ಮೂರು ಗಂಟೆ ಒಳಗೆ ರಸೀದಿ ತಗೊಂಡು ಹೋದ್ರೆ ಕ್ಯಾನ್ಸಲ್ ಮಾಡ್ಲೇಬೇಕು. ನಮಗೆ ಗೊತ್ತಿರಲಿಲ್ಲ, ನಿಮಗೆ ಈಗ ಗೊತ್ತಾಯ್ತಲ್ಲ, ರಸೀದಿ ಇಟ್ಕೊಳ್ಳಿ. ಟ್ರಾಮ್ ಟಿಕೆಟ್ ವಿಷಯನೂ ಅಷ್ಟೇ, ಪೇಪರ್ ಟಿಕೆಟ್ ತಗೊಂಡ್ರೆ ಸಾಲದು, ಹಳದಿ ಮೆಷಿನಲ್ಲಿ ಮುದ್ರೆ ಹಾಕಿಸ್ಬೇಕು, ಇಲ್ಲಾಂದ್ರೆ ಟಿಕೆಟ್ ಕೈಯಲ್ಲಿದ್ರೂ ದಂಡ.

ಪಬ್ ಹಾಪಿಂಗ್ ಅಂತಾನೇ ಪ್ರಾಗಿಗೆ ಹೋಗೋರು ಒಂದು ಮುಖ್ಯ ವಿಷಯ ತಿಳ್ಕೊಂಡಿರಿ. ಟಿಕೆಟ್ ತಗೊಂಡು ಗೈಡ್ ಹಿಂದೆ ಐವತ್ತು ಜನ ಪಬ್ಬಿಂದ ಪಬ್ಬಿಗೆ ಹೋಗೋ ಪಬ್ ಕ್ರಾಲ್ ಇತ್ತಲ್ಲ, ಅದನ್ನ ರಾತ್ರಿ ಹತ್ತರಿಂದ ಬೆಳಿಗ್ಗೆ ಆರರ ತನಕ ನಗರಾಡಳಿತ 2024ರ ಅಕ್ಟೋಬರಲ್ಲಿ ನಿಷೇಧ ಮಾಡ್ತು, ಅಲ್ಲಿ ಮನೆ ಮಾಡ್ಕೊಂಡಿರೋರಿಗೆ ನಿದ್ದೆ ಇಲ್ಲದಂಗೆ ಆಗಿತ್ತು. ನಮ್ಮ ಕಡೆ ಹೋಂಸ್ಟೇ ಪಕ್ಕದ ಮನೆಯವರನ್ನ ಕೇಳಿ ನೋಡಿ, ಅವರ ಕಷ್ಟನೂ ಇದೇ. ನೀವು ನೀವೇ ಏಳು ಜನ ಹೋಗೋದಕ್ಕೆ ಅಡ್ಡಿ ಇಲ್ಲ, ಅದೇ ಚೆನ್ನಾಗಿರೋದು ಕೂಡ. ಆದ್ರೆ ಏಳು ಜನಕ್ಕೆ ಒಂದೇ ಮೇಜು ಸಂಜೆ ಮೇಲೆ ಸಿಗಲ್ಲ, ಮೇಜಿನ ಮೇಲೆ ರಿಸರ್ವ್ಡ್ ಅಂತ ಚೀಟಿ ಇಟ್ಟಿರ್ತಾರೆ, ಹಾಗಾಗಿ ರಾತ್ರಿದನ್ನ ಬೆಳಿಗ್ಗೆನೇ ಫೋನ್ ಮಾಡಿ ಬುಕ್ ಮಾಡಿ.

ಊಟ ನಮ್ಮವರಿಗೆ ಹೇಳಿ ಮಾಡಿಸಿದ್ದು. ಹಂದಿ ಮಾಂಸ, ಹುಳಿ ಕೋಸು, ಜೊತೆಗೆ ಬೇಯಿಸಿದ ಹಿಟ್ಟಿನ ಕ್ನೆಡ್ಲಿಕಿ, ಅದನ್ನ ಗ್ರೇವಿಲಿ ಅದ್ದಿ ತಿನ್ನೋದು ನೋಡಿದ್ರೆ ಪಂದಿಕರಿ ಕಡುಬಿಟ್ಟು ನೆನಪಾಗದೇ ಇರಲ್ಲ, ಖಾರ ಮಾತ್ರ ಸೊನ್ನೆ. ಸ್ವಿಚ್ಕೋವಾ ಅನ್ನೋದು ದನದ ಮಾಂಸ, ಬೇಡದವರು ಕೇಳಿ ಆರ್ಡರ್ ಮಾಡಿ. ಶನಿವಾರಸಂತೆಯವನಿಗೆ ಕರಿದ ಚೀಸ್, ಆಲೂಗಡ್ಡೆ, ಮೂರನೇ ದಿನಕ್ಕೆ ಅವನಿಗೆ ಬೇಜಾರಾಯ್ತು, ಆಮೇಲೆ ಇಂಡಿಯನ್ ಹೋಟೆಲ್ ಹುಡುಕಿದ್ವಿ. ಅವನಿಗೆ ಖುಷಿ ಕೊಟ್ಟಿದ್ದು ಕೊಫೋಲಾ. 1960ರಲ್ಲಿ ಅಲ್ಲಿನ ಕಮ್ಯುನಿಸ್ಟ್ ಕಾಲದಲ್ಲಿ ಬಂದ ಕೋಲಾ ಅದು, ಕಾಫಿ ಹುರಿಯುವಾಗ ಮಿಕ್ಕೋ ಕೆಫೀನ್ ಎಂತ ಮಾಡೋದು ಅಂತ ಯೋಚಿಸಿ ಹುಟ್ಟಿದ್ದು. ಪಬ್ಬಲ್ಲಿ ಬಿಯರ್ ಥರನೇ ನಲ್ಲಿಯಿಂದ ಹಿಡಿದು ಕೊಡ್ತಾರೆ, ಹಾಗಾಗಿ ಅವನೂ ಎಲ್ಲರ ಜೊತೆ ದೊಡ್ಡ ಗ್ಲಾಸ್ ಹಿಡ್ಕೊಂಡೇ ಕೂತ್ಕೊಳ್ತಿದ್ದ. ಇದು ಸಣ್ಣ ವಿಷಯ ಅನಿಸ್ಬಹುದು, ಆದ್ರೆ ಗುಂಪಲ್ಲಿ ಒಬ್ಬನ ಮುಂದೆ ಮಾತ್ರ ನೀರಿನ ಬಾಟಲ್ ಇದ್ದಾಗ ಅವನ ಮುಖ ಹೇಗಿರತ್ತೆ ಅಂತ ನೋಡಿದವರಿಗೆ ಗೊತ್ತು.

ಪ್ರಾಗಿಗೆ ಹೋದವರು ಪಿಲ್ಸೆನ್ ಬಿಡ್ಬೇಡಿ. ಪ್ರಾಗಿಂದ ಸುಮಾರು 90 ಕಿ.ಮೀ, ಟ್ರೈನಲ್ಲಿ ಒಂದೂವರೆ ಗಂಟೆ. ಇವತ್ತು ನಾವು ಬಾಟಲಲ್ಲಿ ಕುಡಿಯೋ ಹೊಂಬಣ್ಣದ ಲಾಗರ್ ಇದೆಯಲ್ಲ, ಅದರ ಮೂಲ ಅಲ್ಲೇ. 1842ರಲ್ಲಿ ಬವೇರಿಯಾದಿಂದ, ಅಂದ್ರೆ ಜರ್ಮನಿಯಲ್ಲಿ ಮ್ಯೂನಿಕ್ ಇರೋ ಪ್ರಾಂತ್ಯದಿಂದ, ಕರೆಸಿದ ಯೋಸೆಫ್ ಗ್ರೋಲ್ ಅನ್ನೋನು ಮಾಡಿದ್ದು, ಪಿಲ್ಸ್ನರ್ ಅಂತ ಹೆಸರು ಬಂದಿದ್ದೂ ಆ ಊರಿಂದಲೇ. ಬ್ರೂವರಿ ಟೂರಲ್ಲಿ ನೆಲದಡಿ ಸುರಂಗಕ್ಕೆ ಕರ್ಕೊಂಡು ಹೋಗ್ತಾರೆ, ಒಟ್ಟು ಸುಮಾರು ಒಂಬತ್ತು ಕಿ.ಮೀ ಉಂಟಂತೆ, ಜಾಕೆಟ್ ಇಲ್ಲದೆ ಇಳೀಬೇಡಿ, ಕೊನೇಲಿ ಓಕ್ ಮರದ ಪೀಪಾಯಿಂದ ಸೋಸದೇ ಇರೋ ಬಿಯರ್ ಹಿಡಿದು ಕೊಡ್ತಾರೆ. ನಾನು ಕುಡಿದದ್ರಲ್ಲೆಲ್ಲ ನೆನಪಲ್ಲಿ ಉಳಿದಿರೋ ಒಂದೇ ಗ್ಲಾಸ್ ಅಂದ್ರೆ ಅದು.

ಐರ್ಲೆಂಡಿನ ಡಬ್ಲಿನ್ ಬೇರೆ ಥರ. ಅಲ್ಲಿ ಪಬ್ಬಿಗೆ ಹೋಗೋದು ಮಾತಿಗೆ, ಹಾಡಿಗೆ. ಮೂಲೆಲಿ ನಾಲ್ಕು ಜನ ಪಿಟೀಲು, ಕೊಳಲು, ಬೋಡ್ರಾನ್ ಅನ್ನೋ ಕೈಡೋಲು ಹಿಡ್ಕೊಂಡು ಕೂತಿರ್ತಾರೆ, ಸ್ಟೇಜ್ ಇಲ್ಲ, ಅವರ ಮೇಜಲ್ಲೂ ಗ್ಲಾಸ್, ನಮ್ಮ ಮೇಜಲ್ಲೂ ಗ್ಲಾಸ್. ಪಕ್ಕದಲ್ಲಿ ಕೂತ ಮುದುಕ ಯಾವೂರು ಅಂತ ಕೇಳ್ತಾನೆ, ಮಳೆ ಬಗ್ಗೆ ಶುರುವಾದ್ರೆ ನಮಗೂ ಅವರಿಗೂ ಮಾತು ಮುಗಿಯಲ್ಲ. ಭಾಷೆ ಇಂಗ್ಲಿಷ್ ಆಗಿರೋದ್ರಿಂದ ನಾಚಿಕೆ ಸ್ವಭಾವದವರೂ ಎರಡನೇ ದಿನಕ್ಕೆ ಮಾತಾಡ್ತಾರೆ. ನಮ್ಮ ಗುಂಪಲ್ಲಿ ಮನೇಲೂ ಬಾಯಿ ಬಿಡದ ಒಬ್ಬ ಅಲ್ಲಿ ಒಬ್ಬ ರೈತನ ಜೊತೆ ಎರಡು ಗಂಟೆ ಕೂಲಿ ಆಳು ಸಿಗದ ಕಷ್ಟ ಮಾತಾಡಿದ.

ಗಿನ್ನೆಸ್ ಬಿಯರ್ ಮಾಡೋ ಜಾಗ ನೋಡ್ಲೇಬೇಕು. ಆರ್ಥರ್ ಗಿನ್ನೆಸ್ 1759ರಲ್ಲಿ ಸೇಂಟ್ ಜೇಮ್ಸ್ ಗೇಟ್ ಜಾಗನ ವರ್ಷಕ್ಕೆ 45 ಪೌಂಡಿಗೆ 9000 ವರ್ಷದ ಲೀಸ್ ಬರೆಸ್ಕೊಂಡ, ಜಮ್ಮಾ ಜಾಗದ (ನಮ್ಮ ಕಡೆ ವಂಶಪಾರಂಪರ್ಯವಾಗಿ ಬರೋ ಭೂಮಿ) ದಾಖಲೆ ಹಿಡ್ಕೊಂಡು ತಾಲ್ಲೂಕಾಫೀಸ್ ಅಲೆದವರಿಗೆ ಆ ಪತ್ರದ ಮುಂದೆ ಸ್ವಲ್ಪ ಹೊತ್ತು ನಿಲ್ಲೋಣ ಅನಿಸತ್ತೆ. ಒಂದು ಪಿಂಟ್, ಅಂದ್ರೆ ಅರ್ಧ ಲೀಟರಿಗಿಂತ ಸ್ವಲ್ಪ ಜಾಸ್ತಿ ಹಿಡಿಯೋ ಗ್ಲಾಸ್, ತುಂಬಿಸೋಕೆ ಎರಡು ಸಲ ಹಿಡೀತಾರೆ, ಮಧ್ಯ ನೊರೆ ಕೂರೋಕೆ ಬಿಡ್ತಾರೆ, ಅವಸರ ಮಾಡಿದ್ರೆ ಆಗಲ್ಲ. ಕುಡಿಯದವರಿಗೆ ಟ್ರಿನಿಟಿ ಕಾಲೇಜಲ್ಲಿ ಕೆಲ್ಸ್ ಗ್ರಂಥ, ಹೆಚ್ಚುಕಡಿಮೆ 1200 ವರ್ಷ ಹಳೇ ಕೈಬರಹ, ಆಮೇಲೆ ಒಂದು ದಿನ ಪಶ್ಚಿಮ ಕರಾವಳಿಗೆ ಬಸ್ಸಲ್ಲಿ ಹೋಗಿ ಮೊಹೆರ್ ಬಂಡೆಗಳು, 214 ಮೀಟರ್ ಎತ್ತರಕ್ಕೆ ನೆಟ್ಟಗೆ ಸಮುದ್ರದಿಂದ ಎದ್ದಿರೋ ಗೋಡೆ. ಶನಿವಾರಸಂತೆಯವನು ಇವತ್ತಿಗೂ ಹೇಳೋದು ಆ ಬಂಡೆ ಬಗ್ಗೆನೇ.

ಆದ್ರೆ ಡಬ್ಲಿನ್ ದುಬಾರಿ, ಇದನ್ನ ಮೃದುವಾಗಿ ಹೇಳೋಕೆ ಬರಲ್ಲ. ಟೆಂಪಲ್ ಬಾರ್ ಏರಿಯಾದಲ್ಲಿ ಒಂದು ಪಿಂಟ್ ಹತ್ತು ಯೂರೋ ಹತ್ರ ಹೋಗತ್ತೆ, ನದಿ ದಾಟಿ ನಾಲ್ಕು ಗಲ್ಲಿ ಒಳಗೆ ಹೋದ್ರೆ ಆರರ ಆಸುಪಾಸು. ಟೆಂಪಲ್ ಬಾರಲ್ಲಿ ಒಂದು ಫೋಟೋ ತೆಗೆಸ್ಕೊಳ್ಳಿ, ಕುಡಿಯೋದು ಬೇರೆ ಕಡೆ. ಇನ್ನೊಂದು, ಅಲ್ಲಿ ರೌಂಡ್ ಪದ್ಧತಿ, ಒಬ್ಬ ಎಲ್ಲರಿಗೂ ತರಬೇಕು, ಆಮೇಲೆ ಇನ್ನೊಬ್ಬ. ಏಳು ಜನ ಒಂದೇ ರೌಂಡಲ್ಲಿ ಸೇರಿದ್ರೆ ಏಳನೇಯವನ ಸರದಿ ಬರೋ ತನಕ ಎಲ್ಲರೂ ಏಳು ಪಿಂಟ್ ಕುಡೀಬೇಕಾಗತ್ತೆ, ಅಂದ್ರೆ ಹತ್ರ ಹತ್ರ ನಾಲ್ಕು ಲೀಟರ್. ಮೊದಲ ದಿನ ನಾವು ಮರ್ಯಾದೆಗೆ ಅಂತ ಹಾಗೇ ಮಾಡಿ ಇಬ್ಬರಿಗೆ ತುಂಬಾ ಕೆಟ್ಟಿತು. ಎರಡು ಮೂರು ಜನದ ಸಣ್ಣ ರೌಂಡ್ ಮಾಡ್ಕೊಳ್ಳಿ, ಕಡಿಮೆ ಕುಡಿಯೋರು ಸೇರ್ಕೊಳ್ಳೋದೇ ಬೇಡ. ಪಬ್‌ಗಳು ವಾರದ ದಿನ ಹನ್ನೊಂದೂವರೆಗೆ ಮುಚ್ಚೋದ್ರಿಂದ ಊಟ ಮೊದಲೇ ಮುಗಿಸಿ. ಬೀದಿಲಿ ಗ್ಲಾಸ್ ಹಿಡ್ಕೊಂಡು ಓಡಾಡೋದು ಅಲ್ಲಿ ತಪ್ಪು.

ವೀಸಾ ಕೂಡ ಬೇರೆ. ಐರ್ಲೆಂಡ್ ಯೂರೋಪಿಯನ್ ಯೂನಿಯನ್ ಒಳಗಿದ್ರೂ ಶೆಂಗೆನ್ ಅಲ್ಲ (ಒಂದೇ ವೀಸಾದಲ್ಲಿ ಓಡಾಡೋಕೆ ಬಿಡೋ ಯೂರೋಪ್ ದೇಶಗಳ ಗುಂಪು ಅದು), ಪ್ರಾಗ್ ವೀಸಾದಲ್ಲಿ ಡಬ್ಲಿನ್ ಆಗಲ್ಲ. ಬ್ರಿಟಿಷ್ ಐರಿಶ್ ವೀಸಾ ಸ್ಕೀಮ್ ಅಂತ ಭಾರತೀಯರಿಗೆ 2015ರಿಂದ ಉಂಟು, ಒಂದೇ ವೀಸಾದಲ್ಲಿ ಎರಡೂ ದೇಶ, ಆದ್ರೆ ವೀಸಾ ಮೇಲೆ ಬಿಐವಿಎಸ್ ಅಂತ ಬರೆದಿರ್ಬೇಕು, ಯಾರು ವೀಸಾ ಕೊಟ್ರೋ ಮೊದಲು ಅಲ್ಲಿಗೇ ಹೋಗ್ಬೇಕು. ಇದು ಯಾಕೆ ಮುಖ್ಯ ಅಂದ್ರೆ ಡಬ್ಲಿನ್ನಿಂದ ಬೆಲ್‌ಫಾಸ್ಟ್, ಜಯಂಟ್ಸ್ ಕಾಸ್‌ವೇ ಅಂತ ಒಂದು ದಿನದ ಬಸ್ ಟೂರ್ ಮಾರ್ತಾರೆ, ಗಡೀಲಿ ಗೇಟ್ ಕೂಡ ಇಲ್ಲ, ಆದ್ರೆ ಅದು ಬ್ರಿಟನ್ ನೆಲ, ಬರೀ ಐರಿಶ್ ವೀಸಾ ಇರೋರು ಹೋಗೋ ಹಾಗಿಲ್ಲ. ಗೇಟಿಲ್ಲ ಅಂತ ಹತ್ತಿ ಬಿಡ್ಬೇಡಿ.

ಮ್ಯೂನಿಕ್ ಅಂದ್ರೆ ಎಲ್ಲರಿಗೂ ಅಕ್ಟೋಬರ್‌ಫೆಸ್ಟ್. 1810ರಲ್ಲಿ ಯುವರಾಜ ಲುಡ್ವಿಗ್ ಮದುವೆ ಸಂಭ್ರಮದಲ್ಲಿ ಶುರುವಾದದ್ದು, ಸೆಪ್ಟೆಂಬರ್ ಮಧ್ಯ ದಾಟಿದ ಮೇಲಿನ ಶನಿವಾರದಿಂದ ಅಕ್ಟೋಬರ್ ಮೊದಲ ವಾರದ ತನಕ ನಡೆಯತ್ತೆ, ನಮ್ಮ ಕಿಂಡಿಗೆ ಅಚ್ಚು ಹಾಕಿದಂಗೆ ಕೂರತ್ತೆ. ಪ್ರವೇಶ ಫ್ರೀ. ಆದ್ರೆ ಡೇರೆ ಒಳಗೆ ಸೀಟ್ ಇಲ್ಲದೆ ಬಿಯರ್ ಕೊಡಲ್ಲ, ಸೀಟ್ ಬುಕಿಂಗ್ ಸಾಮಾನ್ಯವಾಗಿ ಇಡೀ ಮೇಜಿನ ಲೆಕ್ಕ, ಹತ್ತು ಜನ, ಜೊತೆಗೆ ಊಟ ಬಿಯರ್ ಕೂಪನ್ ಮೊದಲೇ ಕೊಳ್ಬೇಕು. ಮಾಸ್ ಅನ್ನೋ ಒಂದು ಲೀಟರಿನ ಬಿಯರ್ ಗ್ಲಾಸ್ 2025ರಲ್ಲಿ 14.50ರಿಂದ 15.80 ಯೂರೋ ಇತ್ತು, ರೂಮ್ ಬಾಡಿಗೆ ಆ ಹದಿನೈದು ದಿನ ಬೇರೆ ದಿನದ ಎರಡು ಮೂರು ಪಟ್ಟು. ನಾವು ಬುಕಿಂಗ್ ಇಲ್ಲದೆ ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಹೋಗಿ ಸೀಟ್ ಹಿಡಿದ್ವಿ, ಶನಿವಾರ ಹೋದ್ರೆ ಹೊರಗೇ ನಿಂತಿರ್ಬೇಕು.

ನನ್ನ ಪ್ರಕಾರ ಫೆಸ್ಟ್ ಒಂದು ಮಧ್ಯಾಹ್ನಕ್ಕೆ ಸಾಕು. ಮ್ಯೂನಿಕ್ಕಲ್ಲಿ ನನಗೆ ಹಿಡಿಸಿದ್ದು ಬಿಯರ್ ಗಾರ್ಡನ್. ಚೆಸ್ಟ್‌ನಟ್ ಮರದ ನೆರಳು, ಉದ್ದ ಬೆಂಚು, ಬಿಯರ್ ಮಾತ್ರ ಅಲ್ಲಿಂದ ತಗೊಳ್ಳಿ, ಊಟ ಮನೆಯಿಂದ ತಂದ್ರೂ ಯಾರೂ ಎಂತ ಹೇಳಲ್ಲ, ಅದು ಅಲ್ಲಿನ ಹಳೇ ಪದ್ಧತಿ. ಬಟ್ಟೆ ಹಾಸದ ಮೇಜುಗಳು ಈ ಥರ ಬುತ್ತಿ ತರೋರಿಗೆ. ಇಂಗ್ಲಿಷ್ ಗಾರ್ಡನ್ ಪಾರ್ಕಿನ ಚೈನೀಸ್ ಟವರ್ ಹತ್ರ ಏಳು ಸಾವಿರ ಜನ ಕೂರೋ ಜಾಗ ಉಂಟು, ಪಕ್ಕದಲ್ಲಿ ಮಕ್ಕಳು ಆಡ್ತಿರ್ತಾರೆ, ಅಜ್ಜಿ ಪ್ರೆಟ್ಜೆಲ್ ಮುರೀತಾ ಇರ್ತಾರೆ. ಸೂಪರ್‌ಮಾರ್ಕೆಟಿಂದ ಹಣ್ಣು, ಬ್ರೆಡ್, ಸೌತೆಕಾಯಿ ತಗೊಂಡು ಹೋಗಿ ನಮ್ಮ ಸಸ್ಯಾಹಾರಿ ಅಲ್ಲೇ ಹೊಟ್ಟೆ ತುಂಬ ತಿಂದ. ಆಲ್ಕೋಹಾಲ್ ಇಲ್ಲದ ಬಿಯರ್ ಪ್ರತಿ ಅಂಗಡೀಲೂ ಸಿಗತ್ತೆ, ಕೇಳೋಕೆ ಸಂಕೋಚ ಬೇಡ. 1589ರಲ್ಲಿ ಶುರುವಾದ ಹೋಫ್‌ಬ್ರಾಯ್‌ಹೌಸ್ ಬಿಯರ್ ಹಾಲ್ ನೋಡೋಕೆ ಚೆನ್ನಾಗಿದೆ, ಗದ್ದಲ ಜಾಸ್ತಿ. ಗುಂಪಿಗೆ ಇನ್ನೊಂದು ಲಾಭ ಬವೇರಿಯಾ ಟಿಕೆಟ್, ಐದು ಜನ ತನಕ ಒಂದೇ ಟಿಕೆಟಲ್ಲಿ ಇಡೀ ದಿನ ಲೋಕಲ್ ಟ್ರೈನ್ ಓಡಾಟ, ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ನಂತರ. ಅದರಲ್ಲೇ ಎರಡು ಗಂಟೆ ದೂರದ ಫ್ಯೂಸೆನ್ನಿಗೆ ಹೋಗಿ ನಾಯ್‌ಶ್ವಾನ್‌ಸ್ಟೈನ್ ಕೋಟೆ ನೋಡ್ಬಹುದು. ಒಂಬತ್ತು ದಿನ ಸಿಕ್ಕಿದ್ರೆ ಪ್ರಾಗ್, ಮ್ಯೂನಿಕ್ ಎರಡೂ ಸೇರಿಸಿ, ಒಂದೇ ಶೆಂಗೆನ್ ವೀಸಾ, ಮಧ್ಯದ ಟ್ರೈನ್ ಪಿಲ್ಸೆನ್ ಮೇಲೇ ಹೋಗೋದು, ಬ್ಯಾಗ್ ಸಮೇತ ಇಳಿದು ಬ್ರೂವರಿ ನೋಡಿ ಮುಂದಿನ ಟ್ರೈನ್ ಹಿಡೀರಿ.

ಹನೋಯ್‌ಗೆ ಬರ್ತೀನಿ. ಕಾಫಿ ಬೆಳೆಯೋರು ವಿಯೆಟ್ನಾಂ ನೋಡದೇ ಇರ್ಬಾರ್ದು, ನಮ್ಮ ರೋಬಸ್ಟಾ ರೇಟು ಏರಿಳಿಯೋದೇ ಅಲ್ಲಿನ ಬೆಳೆ ಮೇಲೆ, ಜಗತ್ತಲ್ಲಿ ರೋಬಸ್ಟಾ ಜಾಸ್ತಿ ಬೆಳೆಯೋ ದೇಶ ಅದು. ಹನೋಯ್ ಹಳೇ ಪೇಟೇಲಿ ಸಂಜೆ ಆಯ್ತು ಅಂದ್ರೆ ಫುಟ್‌ಪಾತ್ ತುಂಬ ಮೊಣಕಾಲೆತ್ತರದ ಪ್ಲಾಸ್ಟಿಕ್ ಸ್ಟೂಲು, ಬಿಯಾ ಹೋಯ್ ಅಂತ ಅವತ್ತವತ್ತೇ ಪೀಪಾಯಲ್ಲಿ ಬರೋ ತಾಜಾ ಬಿಯರ್, ತೆಳು, ಆಲ್ಕೋಹಾಲ್ ಸುಮಾರು ಮೂರು ಪರ್ಸೆಂಟ್, ಒಂದು ಗ್ಲಾಸ್ ಐವತ್ತು ರೂಪಾಯಿ ಒಳಗೆ. ಟಾ ಹಿಯೆನ್ ಬೀದಿ ಇದಕ್ಕೆ ಹೆಸರುವಾಸಿ, ಆದ್ರೆ ಅಲ್ಲಿ ಕೈ ಹಿಡಿದು ಎಳೆಯೋ ಕಾಟ, ಎರಡು ಗಲ್ಲಿ ಆಚೆ ಊರವರು ಕೂತಿರೋ ಕಡೆ ಕೂತ್ಕೊಳ್ಳಿ. ಮೊತ್ ಹಾಯ್ ಬಾ ಯೋ ಅಂತ ಕೂಗಿ ಗ್ಲಾಸ್ ಎತ್ತಿದ್ರೆ ಪಕ್ಕದ ಮೇಜಿನವರೂ ಸೇರ್ಕೊಳ್ತಾರೆ. ಕುಡಿಯದವರಿಗೆ ಹನೋಯ್‌ಗಿಂತ ಒಳ್ಳೇ ಊರು ಈ ನಾಲ್ಕರಲ್ಲಿ ಇಲ್ಲ, ಯಾಕಂದ್ರೆ ಬಿಯರಿಗೆ ಎಷ್ಟು ಅಂಗಡಿನೋ ಕಾಫಿಗೂ ಅಷ್ಟೇ. ಫಿನ್ ಫಿಲ್ಟರಿಂದ ಗ್ಲಾಸಿಗೆ ತೊಟ್ಟಿಕ್ಕೋ ಡಿಕಾಕ್ಷನ್ನು, ಅಡಿಲಿ ಕಂಡೆನ್ಸ್ಡ್ ಮಿಲ್ಕು. ಹಾಲು ಸಿಗದ ಕಾಲದಲ್ಲಿ, 1946ರಲ್ಲಿ, ಮೊಟ್ಟೆ ಹಳದಿ ನೊರೆ ಬರಿಸಿ ಮಾಡಿದ ಎಗ್ ಕಾಫಿನೂ ಉಂಟು, ಆ ಕೆಫೆ ಗಿಯಾಂಗ್ ಇನ್ನೂ ನಡೀತಿದೆ. ವೀಕೆಂಡಲ್ಲಿ ಹೋನ್ ಕಿಯೆಮ್ ಕೆರೆ ಸುತ್ತ ಗಾಡಿ ಬಿಡಲ್ಲ, ರಾತ್ರಿ ತನಕ ನಡೀಬಹುದು.

ಎರಡು ಎಚ್ಚರಿಕೆ. ಒಂದು, ಉತ್ತರ ವಿಯೆಟ್ನಾಂಗೆ ಸೆಪ್ಟೆಂಬರ್ ಚಂಡಮಾರುತದ ಕಾಲ, 2024ರ ಸೆಪ್ಟೆಂಬರಲ್ಲಿ ಯಾಗಿ ಬಂದು ಹಾಲಾಂಗ್ ಕೊಲ್ಲಿ ಕಡೆ ತುಂಬಾ ಹಾಳು ಮಾಡ್ತು. ನಾವು ಹೋದ ವರ್ಷನೂ ಗಾಳಿ ಅಂತ ಬೋಟ್ ಕ್ಯಾನ್ಸಲ್ ಆಗಿ ಹಾಲಾಂಗ್ ನೋಡ್ದೇ ವಾಪಸ್ ಬಂದ್ವಿ. ಹಾಗಾಗಿ ಹನೋಯ್ ಎರಡನೇ ಕಿಂಡಿಗೆ, ಸಂಕ್ರಮಣ ಆದ್ಮೇಲೆ. ಎರಡನೇದು ಜೀವದ ವಿಷಯ, ಅಗ್ಗದ ಅಕ್ಕಿ ಸಾರಾಯಿ, ಪುಕ್ಕಟೆ ಶಾಟ್, ಬಕೆಟಲ್ಲಿ ಕೊಡೋ ಮಿಕ್ಸ್ ಡ್ರಿಂಕ್ ಮುಟ್ಬೇಡಿ. 2024ರ ನವೆಂಬರಲ್ಲಿ ಪಕ್ಕದ ಲಾವೋಸಿನ ವಾಂಗ್ ವಿಯೆಂಗಲ್ಲಿ ಮೆಥನಾಲ್ ಸೇರಿದ ಡ್ರಿಂಕ್ ಕುಡಿದು ಆರು ಜನ ಪ್ರವಾಸಿಗರು ಸತ್ರು, ಅದರಲ್ಲಿ ಇನ್ನೂ ಇಪ್ಪತ್ತು ದಾಟದ ಹುಡುಗೀರೂ ಇದ್ರು. ಬಿಯರ್ ಕುಡೀರಿ, ಸಾಕು. ಮತ್ತೆ ಬೈಕ್ ಬಾಡಿಗೆ ಬೇಡ, 2020ರಿಂದ ಅಲ್ಲಿ ಒಂದು ತೊಟ್ಟು ಕುಡಿದು ಗಾಡಿ ಮುಟ್ಟಿದ್ರೂ ದಂಡ.

ಕಾಗದಪತ್ರದ ಕಷ್ಟದಲ್ಲಿ ವಿಯೆಟ್ನಾಂ ಎಲ್ಲಕ್ಕಿಂತ ಸುಲಭ, ಆನ್‌ಲೈನ್ ಈ ವೀಸಾ, ಒಂದು ಸಲಕ್ಕೆ 25 ಡಾಲರ್. ಹೆಸರು ಮಾತ್ರ ಪಾಸ್‌ಪೋರ್ಟಲ್ಲಿ ಇದ್ದಂಗೇ ಅಕ್ಷರ ಅಕ್ಷರ ತುಂಬಿ, ನಮ್ಮಲ್ಲಿ ಮನೆತನದ ಹೆಸರು ಕೆಲವರಿಗೆ ಮೊದಲು ಕೆಲವರಿಗೆ ಕೊನೇಗೆ, ಇನ್ನು ಕೆಲವರಿಗೆ ಬರೀ ಇನಿಷಿಯಲ್, ಅಲ್ಲೇ ಎಡವೋದು. ಶೆಂಗೆನ್ ಫೀಸ್ 2024ರ ಜೂನಿಂದ 90 ಯೂರೋ, ರಿಜೆಕ್ಟ್ ಆದ್ರೆ ವಾಪಸ್ ಬರಲ್ಲ, 30,000 ಯೂರೋ ಕವರ್ ಇರೋ ಇನ್ಶೂರೆನ್ಸ್ ಬೇಕು, ಹೊರಡೋ ಆರು ತಿಂಗಳು ಮೊದಲಿಂದ ಹಾಕ್ಬಹುದು, ಯಾವ ದೇಶದಲ್ಲಿ ಜಾಸ್ತಿ ದಿನ ಇರ್ತೀರೋ ಅಲ್ಲಿಗೇ ಹಾಕ್ಬೇಕು. ತೋಟದವರಿಗೆ ಇಲ್ಲಿ ಒಂದು ಪೇಚು ಉಂಟು. ಕಾಫಿ ಹಾಗೇ ಮಾರಿದ್ರೆ ಕೃಷಿ ಆದಾಯ, ಕೇಂದ್ರದ ಇನ್‌ಕಮ್ ಟ್ಯಾಕ್ಸ್ ಇಲ್ಲ, ಹಾಗಾಗಿ ಐಟಿ ರಿಟರ್ನಲ್ಲಿ ತೋರಿಸೋಕೆ ದೊಡ್ಡ ಮೊತ್ತ ಇರಲ್ಲ, ಪಹಣಿ ನೋಡಿದ್ರೆ ಜಂಟಿ ಹೆಸರು, ಅಜ್ಜನ ಕಾಲದ್ದು. ವೀಸಾ ಆಫೀಸರಿಗೆ ಇದೆಲ್ಲ ಹೇಗೆ ಅರ್ಥ ಆಗ್ಬೇಕು? ನಾವು ಮಾಡಿದ್ದು ಇಷ್ಟು: ಪಹಣಿ ಇಂಗ್ಲಿಷಿಗೆ ತರ್ಜುಮೆ ಮಾಡಿಸಿ ನೋಟರಿ ಹಾಕಿಸಿದ್ವಿ, ಕಾಫಿ ಮಾರಿದ ಬಿಲ್, ಆ ದುಡ್ಡು ಅಕೌಂಟಿಗೆ ಬಂದಿರೋ ಆರು ತಿಂಗಳ ಸ್ಟೇಟ್‌ಮೆಂಟ್, ಮತ್ತೆ ಒಂದು ಪುಟದ ಪತ್ರ, ಡಿಸೆಂಬರಲ್ಲಿ ಕುಯ್ಲು ಇದೆ, ವಾಪಸ್ ಬರ್ಲೇಬೇಕು ಅಂತ. ಏಳು ಜನಕ್ಕೂ ಸಿಕ್ತು.

ಬ್ಯಾಗ್ ವಿಷಯ ಒಂದು ಮಾತು, ಇದು ನಮ್ಮ ಜಿಲ್ಲೆಯವರಿಗೇ. ತೋಟಕ್ಕೆ, ಶೂಟಿಂಗ್ ಕಾಂಪಿಟೇಶನ್ನಿಗೆ ತಗೊಂಡು ಹೋಗೋ ಬ್ಯಾಗನ್ನ ದಯವಿಟ್ಟು ಏರ್‌ಪೋರ್ಟಿಗೆ ತರಬೇಡಿ, ಯಾವುದೋ ಮೂಲೇಲಿ ಕೋವಿದು ಒಂದು ಕಾಡತೂಸು ಉಳಿದಿದ್ರೂ ಸ್ಕ್ಯಾನರಲ್ಲಿ ಸಿಕ್ಕಿ ಕೇಸ್ ಆಗತ್ತೆ, ಏಳೂ ಜನದ ಟ್ರಿಪ್ ಅಲ್ಲಿಗೇ ನಿಲ್ಲತ್ತೆ. ಪಂದಿ ಉಪ್ಪಿನಕಾಯಿ ಯೂರೋಪಿಗೆ ಒಯ್ಯೋ ಹಾಗಿಲ್ಲ, ಹೊರಗಿಂದ ಮಾಂಸ, ಹಾಲಿನ ಪದಾರ್ಥ ತರೋಕೆ ಬಿಡಲ್ಲ. ಕಾಫಿ ಪುಡಿ ಧಾರಾಳವಾಗಿ ಒಯ್ಯಿರಿ, ಡಬ್ಲಿನ್ನಲ್ಲಿ ರೂಮ್ ಓನರಿಗೆ ಕಾಲು ಕೆಜಿ ಕೊಟ್ಟಿದ್ದಕ್ಕೆ ಅವರು ನಮಗೆ ಒಂದು ದಿನ ಲೇಟ್ ಚೆಕ್ ಔಟ್ ಕೊಟ್ರು.

ದುಡ್ಡಿನ ವ್ಯವಹಾರಕ್ಕೆ ಒಂದು ಕಾಮನ್ ಪರ್ಸ್ ಇಡಿ, ದಿನಾ ಬೆಳಿಗ್ಗೆ ಎಲ್ಲರೂ ಸಮ ಹಾಕಿ, ಅದರಲ್ಲಿ ಟ್ರಾಮ್, ಟಿಕೆಟ್, ಊಟ ಮಾತ್ರ. ಬಿಯರ್ ಅವರವರದ್ದು ಅವರವರೇ. ಮೊದಲ ಟ್ರಿಪ್ಪಲ್ಲಿ ಎಲ್ಲಾ ಸೇರಿಸಿ ಏಳರಿಂದ ಭಾಗಿಸಿದ್ವಿ, ಕುಡಿಯದವನು ಒಂದು ಮಾತೂ ಆಡದೆ ಕೊಟ್ಟ, ಊರಿಗೆ ಬಂದು ಲೆಕ್ಕ ನೋಡಿದಾಗ ನಮಗೇ ನಾಚಿಕೆ ಆಯ್ತು. ಪರ್ಸ್ ಅವನ ಕೈಗೇ ಕೊಡಿ ಅಂತ ಆಮೇಲಿಂದ ತೀರ್ಮಾನ, ರಾತ್ರಿ ಹೊತ್ತು ಲೆಕ್ಕ ನೆನಪಿರೋದು ಅವನಿಗೆ ಮಾತ್ರ. ಪ್ಯಾಕೇಜ್ ತಗೊಂಡ್ರೆ ಟಿಸಿಎಸ್ ಅಂತ ಮೊದಲೇ ಟ್ಯಾಕ್ಸ್ ಹಿಡೀತಾರೆ, ರಿಟರ್ನ್ ಹಾಕುವಾಗ ಅಡ್ಜಸ್ಟ್ ಮಾಡ್ಕೊಳ್ಳೋಕೆ ಮರೀಬೇಡಿ. ಆದ್ರೆ ಪಬ್ ನೋಡೋಕೆ ಹೋಗೋರಿಗೆ ಪ್ಯಾಕೇಜ್ ಹೊಂದಲ್ಲ, ಬೆಳಿಗ್ಗೆ ಆರಕ್ಕೆ ಬಸ್ ಹಾರ್ನ್ ಹೊಡೀತದೆ.

ಹಾಗಾದ್ರೆ ಯಾವುದು? ಮೊದಲ ಸಲ, ಸೆಪ್ಟೆಂಬರ್ ಕೊನೆ, ಆರೇಳು ಜನ ಅಂದ್ರೆ ಪ್ರಾಗ್, ಕಣ್ಣು ಮುಚ್ಚಿ. ದಿನ ಜಾಸ್ತಿ ಇದ್ದು ಮೇ ತಿಂಗಳೊಳಗೆ ರೂಮ್ ಬುಕ್ ಮಾಡೋ ಶಿಸ್ತು ಇದ್ರೆ ಜೊತೆಗೆ ಮ್ಯೂನಿಕ್ ಎರಡು ರಾತ್ರಿ. ಬಜೆಟ್ ಬಿಗಿ, ಅಥವಾ ಅರ್ಧ ಜನ ಕುಡಿಯಲ್ಲ ಅಂದ್ರೆ ನವೆಂಬರ್ ಶುರುವಲ್ಲಿ ಹನೋಯ್. ಡಬ್ಲಿನ್ ನಾಲ್ಕೇ ಜನ ಇದ್ದು, ಮಾತು ಹಾಡು ಇಷ್ಟ ಇರೋರಿಗೆ, ದುಡ್ಡಿನ ಲೆಕ್ಕ ಸ್ವಲ್ಪ ಬದಿಗಿಟ್ಟು. ಎಲ್ಲಿಗೇ ಹೋದ್ರೂ ರೂಮ್ ಮಾತ್ರ ಊರ ಮಧ್ಯದಲ್ಲೇ ತಗೊಳ್ಳಿ, ಹೊರಗೆ ಅಗ್ಗ ಅಂತ ಹೋಗಿ ರಾತ್ರಿ ಟ್ಯಾಕ್ಸಿಗೆ ಅಷ್ಟೇ ಸುರೀಬೇಡಿ.

ಕೊನೇದಾಗಿ ವಾಪಸ್ ಬರೋ ದಾರಿ. ಕಣ್ಣೂರು ಏರ್‌ಪೋರ್ಟ್ ನಮಗೆ ಹತ್ರ, ಆದ್ರೆ ಅಲ್ಲಿಂದ ಹೊರದೇಶಕ್ಕೆ ಅಂದ್ರೆ ಗಲ್ಫ್ ಕಡೆಗೇ, ಈ ಊರುಗಳಿಗೆ ಹೋಗೋರು ಬೆಂಗಳೂರಿಗೇ ಹೋಗ್ಬೇಕು. ಹೋಗುವಾಗ ಎಲ್ಲರೂ ಉತ್ಸಾಹದಲ್ಲಿ ತಮ್ಮ ಕಾರಲ್ಲೇ ಹೋಗಿ ಪಾರ್ಕಿಂಗಲ್ಲಿ ಬಿಡೋಣ ಅಂತಾರೆ. ಬೇಡ. ವಾಪಸ್ ಇಳಿಯೋದು ಬೆಳಗಿನ ಜಾವ, ರಾತ್ರಿ ಇಡೀ ನಿದ್ದೆ ಇಲ್ಲ, ತಲೆ ಇನ್ನೂ ಅಲ್ಲಿನ ಟೈಮಲ್ಲೇ ಇರತ್ತೆ, ಅಲ್ಲಿಂದ ಐದಾರು ಗಂಟೆ ಡ್ರೈವ್, ಅದರಲ್ಲೂ ಕುಶಾಲನಗರ ದಾಟಿದ್ಮೇಲಿನ ತಿರುವುಗಳು. ಊರಿಂದಲೇ ಡ್ರೈವರ್ ಸಮೇತ ಒಂದು ಟೆಂಪೋ ಟ್ರಾವೆಲರ್ ಹೇಳಿಡಿ, ಏಳು ಜನಕ್ಕೆ ಹಂಚಿದ್ರೆ ಪಾರ್ಕಿಂಗಿಗಿಂತ ಜಾಸ್ತಿ ಆಗಲ್ಲ. ನಾವು ಆ ಟೆಂಪೋದಲ್ಲಿ ಎಲ್ಲರೂ ಮಲ್ಕೊಂಡೇ ಬರ್ತೀವಿ, ಬೈಲುಕುಪ್ಪೆ ಹತ್ರ ಡ್ರೈವರ್ ನಿಲ್ಲಿಸಿ ಕಾಫಿ ಕುಡಿಸಿ ಎಬ್ಬಿಸ್ತಾನೆ.